ಇಮ್ಮಡಿ ಪುಲಕೇಶಿಯೂ ಅವನ ಕಲಿಗಳೂ

ರಾಜ್ಯೋತ್ಸವದ ದಿನ ಕನ್ನಡಿಗರು ಎಲ್ಲಿದ್ದರೂ ಕೆಲವು ಹೆಸರುಗಳನ್ನು ನೆನೆಯುತ್ತಾರೆ. ಆ ಹೆಸರುಗಳ ಸಾಲಿನಲ್ಲಿ ಮೊದಮೊದಲಿಗೇ ಬರುವುದು ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ಹೆಸರು. ಉತ್ತರಾಪಥದ ಹರ್ಷವರ್ಧನನನ್ನು ನರ್ಮದೆಯ ದಡದಲ್ಲಿ ತಡೆದು ನಿಲ್ಲಿಸಿದ ವೀರ ಎಂದು ಒಂದೇ ಮಾತಿನಲ್ಲಿ ನಾವು ಅವನ ಕಥೆಯನ್ನು ಮುಗಿಸಿಬಿಡುತ್ತೇವೆ. ಶಾಲೆಯ ಮಕ್ಕಳಿಗೆ ಪರೀಕ್ಷೆಯ ಮಟ್ಟಿಗೆ ಅಷ್ಟು ಸಾಕಾದೀತು. ಆದರೆ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಮನೆ ಮಾಡಿಕೊಂಡಿರುವ ನಮಗೆ ಅಷ್ಟರಿಂದ ತೃಪ್ತಿಯಾಗಬಾರದು. ಏಕೆಂದರೆ ಪುಲಕೇಶಿಯ ಹಡಗುಗಳು ಬಂದುದು ನಮ್ಮ ಕೊಂಕಣದ ಕಡಲಿಗೇ. ಅವನ ಸೊಸೆಯ ಶಾಸನಗಳು ದೊರೆತುದೂ ಈ ಕೊಂಕಣದಲ್ಲೇ.

ಇನ್ನೊಂದು ಕಾರಣವೂ ಉಂಟು. ಪುಲಕೇಶಿಯ ಸೈನ್ಯದಲ್ಲಿ ಎಂತಹ ಯೋಧರಿದ್ದರು, ಅವರು ಯಾವ ನೀತಿಯನ್ನು ಹಿಡಿದು ಕಾದಿದರು, ಅಷ್ಟು ಬಲವಿದ್ದೂ ವಾತಾಪಿ ಹೇಗೆ ಬಿದ್ದಿತು, ಬಿದ್ದ ಮೇಲೆ ಮತ್ತೆ ಹೇಗೆ ಎದ್ದಿತು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಶೌರ್ಯ ಎಂಬ ಮಾತಿಗೆ ನಾವು ಕೊಡುವ ಅರ್ಥವೇ ಸ್ವಲ್ಪ ಬೇರೆಯಾಗುತ್ತದೆ. ಆ ದೃಷ್ಟಿಯಿಂದ ಈ ಮಹಾಪುರುಷನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಮನೆಯೊಳಗಿನ ಕಲಹ

ಚಾಲುಕ್ಯರ ರಾಜಧಾನಿ ವಾತಾಪಿ, ಎಂದರೆ ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ. ಕೆಂಪು ಕಲ್ಲಿನ ಎರಡು ಬೆಟ್ಟಗಳು, ನಡುವೆ ಒಂದು ಕೆರೆ, ಕೆರೆಯ ಬದಿಗೆ ಊರು. ಒಂದನೆಯ ಪುಲಕೇಶಿ 543ರಲ್ಲಿ ಈ ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿ ಸ್ವತಂತ್ರ ರಾಜ್ಯಕ್ಕೆ ಅಡಿಪಾಯ ಹಾಕಿದನು. ಅವನ ಮಗ ಕೀರ್ತಿವರ್ಮನು ಬನವಾಸಿಯ ಕದಂಬರನ್ನೂ ಕೊಂಕಣದ ಮೌರ್ಯರನ್ನೂ ನಳರನ್ನೂ ಗೆದ್ದು ರಾಜ್ಯವನ್ನು ವಿಸ್ತರಿಸಿದನು. ಕೀರ್ತಿವರ್ಮನು ತೀರಿಕೊಂಡಾಗ ಅವನ ಮಕ್ಕಳು ಇನ್ನೂ ಚಿಕ್ಕವರು. ಆದಕಾರಣ ತಮ್ಮ ಮಂಗಳೇಶನು ರಾಜ್ಯದ ಹೊಣೆಯನ್ನು ಹೊತ್ತನು. ಇವನೂ ಸಾಮಾನ್ಯನಲ್ಲ. ಕಳಚುರಿಗಳನ್ನು ಸೋಲಿಸಿದವನು; ಇಂದಿನ ಸಿಂಧುದುರ್ಗ ಜಿಲ್ಲೆಯ ರೇಡಿ ಎಂದು ಗುರುತಿಸಲಾಗಿರುವ ರೇವತೀದ್ವೀಪವನ್ನು ಹಿಡಿದವನು; ಬಾದಾಮಿಯ ಮೂರನೆಯ ಗುಹೆಯಂತಹ ಸೊಬಗಿನ ದೇಗುಲವನ್ನು 578ರಲ್ಲಿ ಅಣ್ಣನ ಆಳ್ವಿಕೆಯಲ್ಲೇ ಪೂರ್ತಿಮಾಡಿಸಿದವನು.

ಅಣ್ಣನ ಮಗನು ಪ್ರಾಯಕ್ಕೆ ಬಂದಾಗ ಸಿಂಹಾಸನವನ್ನು ಬಿಟ್ಟುಕೊಡುವುದು ಮಂಗಳೇಶನ ಧರ್ಮವಾಗಿತ್ತು. ಆದರೆ ಅಧಿಕಾರದ ರುಚಿ ಕಂಡವರಿಗೆ ಅದನ್ನು ಬಿಡುವುದು ಸುಲಭವಲ್ಲ. ಅವನು ತನ್ನ ಮಗನಿಗೇ ಪಟ್ಟ ಕಟ್ಟಬೇಕೆಂದು ಬಗೆದನು. ಎರೆಯ ಎಂಬ ಹೆಸರಿನ ಆ ತರುಣ ರಾಜಕುಮಾರನು ನಾಡನ್ನು ಬಿಟ್ಟುಹೋಗಿ ಸೈನ್ಯವನ್ನೂ ಸ್ನೇಹಿತರನ್ನೂ ಕೂಡಿಸಿಕೊಂಡು ಹಿಂತಿರುಗಿದನು. ಚಿಕ್ಕಪ್ಪನಿಗೂ ಮಗನಿಗೂ ಯುದ್ಧವಾಯಿತು. ಮಂಗಳೇಶನು ರಾಜ್ಯದ ಜೊತೆಗೆ ಪ್ರಾಣವನ್ನೂ ಕಳೆದುಕೊಂಡನು. 610ರ ಸುಮಾರಿಗೆ ಎರೆಯನು ಪುಲಕೇಶಿ ಎಂಬ ತಾತನ ಹೆಸರನ್ನು ಹೊತ್ತು ಸಿಂಹಾಸನವನ್ನೇರಿದನು. ಸತ್ಯಾಶ್ರಯ ಎಂಬುದು ಅವನ ಬಿರುದು.

ಮನೆಯ ಕಲಹ ಮುಗಿದರೂ ಅದರ ಫಲ ಮುಗಿಯಲಿಲ್ಲ. ಕಾದಾಟದ ಗೊಂದಲವನ್ನು ಕಂಡು ಸಾಮಂತರು ತಲೆ ಎತ್ತಿದರು. ಆಪ್ಪಾಯಿಕ, ಗೋವಿಂದ ಎಂಬ ಇಬ್ಬರು ಅರಸರು ಆನೆಗಳ ಪಡೆಯೊಡನೆ ಭೀಮಾ ನದಿಯ ಉತ್ತರದ ನಾಡನ್ನು ಗೆಲ್ಲಲು ಬಂದರು. ಪುಲಕೇಶಿ ಇಲ್ಲಿ ತೋರಿಸಿದ ಜಾಣ್ಮೆ ಅವನ ಮುಂದಿನ ಬದುಕಿಗೆಲ್ಲ ಮಾದರಿ. ಒಬ್ಬನನ್ನು ಹೊಡೆದು ಓಡಿಸಿದನು. ಇನ್ನೊಬ್ಬನನ್ನು ಒಲಿಸಿಕೊಂಡು ಉಪಕಾರಿಯನ್ನಾಗಿ ಮಾಡಿಕೊಂಡನು. ಹೊಸದಾಗಿ ಪಟ್ಟಕ್ಕೆ ಬಂದ ಅರಸನಿಗೆ ಎರಡು ಶತ್ರುಗಳಿಗಿಂತ ಒಬ್ಬ ಶತ್ರು ಒಬ್ಬ ಮಿತ್ರ ಲೇಸು ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪಡುಗಡಲಿನ ಪುರಿ

ಅನಂತರ ದಿಗ್ವಿಜಯ. ವರದಾ ನದಿಯ ಅಲೆಗಳೇ ಕಂದಕದಂತೆ ಸುತ್ತುವರಿದಿದ್ದ ಬನವಾಸಿಯನ್ನು ಮುತ್ತಿ ವಶಪಡಿಸಿಕೊಂಡನು. ತಲಕಾಡಿನ ಗಂಗರೂ ತುಳುನಾಡಿನ ಆಳುಪರೂ ಅವನ ಸ್ನೇಹವನ್ನು ಬಯಸಿ ಬಂದರು. ಬಳಿಕ ಅವನ ದೃಷ್ಟಿ ನಮ್ಮ ಕೊಂಕಣದ ಕಡೆಗೆ ಹೊರಳಿತು.

ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಮೌರ್ಯರು. ಪಾಟಲೀಪುತ್ರದ ಅಶೋಕನ ವಂಶದ ಹೆಸರನ್ನು ಹೊತ್ತ ಈ ಸಣ್ಣ ಅರಸುಮನೆತನದ ನೆನಪು ನಮ್ಮ ನೆರೆಯಲ್ಲೇ ಉಳಿದಿದೆ. ಹಿಂದೆ ಠಾಣೆ ಜಿಲ್ಲೆಗೆ ಸೇರಿದ್ದು 2014ರಿಂದ ಪಾಲಘರ ಜಿಲ್ಲೆಯಲ್ಲಿರುವ ವಾಡಾದಲ್ಲಿ ದೊರೆತ ಒಂದು ಶಾಸನದಲ್ಲಿ ಮೌರ್ಯ ಸುಕೇತುವರ್ಮನ ಹೆಸರಿದೆ. ಇವರ ರಾಜಧಾನಿ ಪುರಿ. ಅದು ಪಶ್ಚಿಮ ಸಮುದ್ರದ ಲಕ್ಷ್ಮಿಯೆಂದು ಹೊಗಳಿಸಿಕೊಂಡ ಸಂಪತ್ತಿನ ಬಂದರು. ಈ ಪುರಿ ಎಂದರೆ ಘಾರಾಪುರಿ, ಎಂದರೆ ಎಲಿಫೆಂಟಾ ದ್ವೀಪ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಜಂಜೀರಾದ ಬಳಿಯ ರಾಜಪುರಿ ಎಂದು ಇನ್ನು ಕೆಲವರ ಮತ. ಎರಡರಲ್ಲಿ ಯಾವುದೇ ಇರಲಿ, ನಮ್ಮ ಕಡಲ ಅಂಚಿನಲ್ಲೇ ಅದು ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಉರಣದ ಮೋರಾ ಬಂದರಿನಲ್ಲಿ ನಿಂತವರಿಗೂ, 2024ರಲ್ಲಿ ತೆರೆದ ಅಟಲ್ ಸೇತುವಿನ ಮೇಲೆ ಹೋಗುವವರಿಗೂ ಘಾರಾಪುರಿಯ ಗುಡ್ಡ ನೀರಿನಿಂದ ಮೇಲೆದ್ದು ಕಾಣುತ್ತದೆ.

ಬಾದಾಮಿ ಕಡಲಿನಿಂದ ಬಹು ದೂರದ ಬಯಲುಸೀಮೆಯ ಊರು. ಆ ಊರಿನ ಅರಸನು ಹಡಗುಪಡೆ ಕಟ್ಟಿದನೆಂಬುದು ವಿಚಾರ ಮಾಡತಕ್ಕ ಸಂಗತಿ. ನೂರಾರು ನಾವೆಗಳು ಮದಿಸಿದ ಆನೆಗಳ ಸಾಲಿನಂತೆ ತೋರುತ್ತ ಪುರಿಯನ್ನು ಮುತ್ತಿದುವೆಂದು ಐಹೊಳೆಯ ಶಾಸನದಿಂದ ತಿಳಿದುಬರುತ್ತದೆ. ಸೈನ್ಯವು ಮೋಡದಂತೆ ಕವಿದಾಗ ಆಕಾಶ ಯಾವುದು ಸಮುದ್ರ ಯಾವುದು ಎಂದು ತಿಳಿಯದಂತಾಯಿತೆಂದು ಕವಿ ವರ್ಣಿಸಿದ್ದಾನೆ. ರೇವತೀದ್ವೀಪವೂ ಬನವಾಸಿಯ ಕರಾವಳಿಯೂ ಆಳುಪರ ಸ್ನೇಹವೂ ಮೊದಲೇ ಕೈಸೇರಿದ್ದುದರಿಂದ ದೋಣಿ, ಅಂಬಿಗರು, ಬಂದರುಗಳು ದೊರೆತಿರಬೇಕು. ಗೆದ್ದವರ ಕೌಶಲವನ್ನು ತನ್ನ ಬಲದೊಳಗೆ ಸೇರಿಸಿಕೊಳ್ಳುವುದು ಪುಲಕೇಶಿಯ ಕ್ರಮ. ಪ್ರಾಚೀನ ರಾಜನೀತಿಯ ಗ್ರಂಥಗಳು ಸೈನ್ಯವನ್ನು ಆರು ಬಗೆಯಾಗಿ ವಿಂಗಡಿಸುತ್ತವೆ: ತಲೆಮೊದಲಿನಿಂದ ಸೇವೆಯಲ್ಲಿರುವ ಮೌಲಬಲ, ಸಂಬಳದ ಭೃತಬಲ, ವೃತ್ತಿಸಂಘಗಳ ಶ್ರೇಣಿಬಲ, ಮಿತ್ರರ ಬಲ, ಸೋತ ಶತ್ರುಗಳ ಬಲ, ಕಾಡಿನ ಜನರ ಆಟವಿಕಬಲ. ಪುಲಕೇಶಿಯ ಬಳಿ ಈ ಷಡ್ವಿಧ ಬಲವಿತ್ತೆಂದು ಅದೇ ಶಾಸನ ಸೂಚಿಸುತ್ತದೆ.

ಹೀಗೆ ಈ ಕಡಲು ಚಾಲುಕ್ಯರ ವಶವಾಯಿತು. ಅವನ ಆಳ್ವಿಕೆಯ ಕಾಲದಲ್ಲೇ, ಸುಮಾರು 636ರಲ್ಲಿ, ಖಲೀಫ ಉಮರನ ಅಧಿಕಾರಿಯಾಗಿದ್ದ ಉಸ್ಮಾನನು ಅರಬ್ಬೀ ಹಡಗುಪಡೆಯೊಂದನ್ನು ಠಾಣೆಗೆ ಕಳುಹಿಸಿದನೆಂದು ಬಲಾಜುರಿ ಎಂಬ ಅರಬ್ಬೀ ಇತಿಹಾಸಕಾರನು ಬರೆದಿದ್ದಾನೆ. ತನ್ನ ಜನರನ್ನು ಸಮುದ್ರದ ಅಪಾಯಕ್ಕೆ ಒಡ್ಡಿದ್ದಕ್ಕಾಗಿ ಖಲೀಫನು ಆ ಅಧಿಕಾರಿಯ ಮೇಲೆ ಸಿಟ್ಟಾದನಂತೆ. ಅಷ್ಟು ಹಿಂದೆಯೇ ನಮ್ಮ ಠಾಣೆಯ ಹೆಸರು ಕಡಲಾಚೆಯವರ ಬಾಯಲ್ಲಿ ಇದ್ದಿತು.

ನರ್ಮದೆಯ ದಡ

ಪುರಿ ಬಿದ್ದ ಮೇಲೆ ಲಾಟರು, ಮಾಳವರು, ಗೂರ್ಜರರು ತಾವಾಗಿಯೇ ತಲೆಬಾಗಿದರು. ಇದರಿಂದ ಚಾಲುಕ್ಯರ ಗಡಿ ನರ್ಮದೆಯವರೆಗೆ ಹೋಯಿತು. ಆಚೆಯ ದಡದಲ್ಲಿ ಕನೌಜಿನ ಹರ್ಷವರ್ಧನ. ಉತ್ತರ ಭಾರತದ ಬಹುಭಾಗವನ್ನು ಗೆದ್ದಿದ್ದ ಆ ಚಕ್ರವರ್ತಿ ತನ್ನ ಆನೆಗಳ ಪಡೆಯೊಡನೆ ದಕ್ಷಿಣಕ್ಕೆ ಇಳಿದನು. ವಿಂಧ್ಯದ ಬುಡದಲ್ಲಿ, ನರ್ಮದೆಯ ಬಳಿ, ಯುದ್ಧ ನಡೆಯಿತು. ಹರ್ಷನ ಆನೆಗಳು ಸಾಲುಸಾಲಾಗಿ ಬಿದ್ದುವು. ಹರ್ಷ ಎಂದರೆ ಸಂತೋಷವಷ್ಟೆ. ಆ ಹೆಸರಿನವನ ಹರ್ಷವೇ ಹೋಯಿತೆಂದು ಕವಿ ಶ್ಲೇಷೆ ಮಾಡಿದ್ದಾನೆ.

ಈ ಯುದ್ಧ 630ರ ಆಸುಪಾಸಿನಲ್ಲಿ ನಡೆಯಿತೆಂದು ಹಿಂದಿನ ಪುಸ್ತಕಗಳಲ್ಲಿ ಓದುತ್ತಿದ್ದೆವು. ಆದರೆ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸರು 2016ರಲ್ಲಿ ಬೆಳಕಿಗೆ ತಂದ ತಾಮ್ರಪಟವೊಂದಕ್ಕೆ 619ರ ಏಪ್ರಿಲ್ ತಿಂಗಳ ಕಾಲ ಬೀಳುತ್ತದೆ. ಅದರಲ್ಲಿ ಆಗಲೇ ಹರ್ಷನ ಮೇಲಿನ ವಿಜಯದ ಮಾತಿದೆ. ಎಂದರೆ ಸಿಂಹಾಸನವೇರಿ ಹತ್ತು ವರ್ಷ ತುಂಬುವುದರೊಳಗೆ ಪುಲಕೇಶಿ ಈ ಮಹಾಕಾರ್ಯವನ್ನು ಸಾಧಿಸಿದ್ದನು. ಪರಮೇಶ್ವರ ಎಂಬ ಬಿರುದಿಗೆ ಈ ಗೆಲುವೇ ಕಾರಣವೆಂದು ಅವನ ವಂಶದವರ ಶಾಸನಗಳು ಸಾರುತ್ತವೆ. 99,000 ಗ್ರಾಮಗಳ ಮೂರು ಮಹಾರಾಷ್ಟ್ರಕಗಳಿಗೆ ಅವನು ಒಡೆಯನಾದನು.

ಪೂರ್ವದಲ್ಲಿ ಕೋಸಲ, ಕಳಿಂಗಗಳು ಬಾಗಿದುವು. ಪಿಷ್ಟಪುರದ ದುರ್ಗ ಬಿದ್ದಿತು. ಕೊಲ್ಲೇರು ಸರೋವರದ ನೀರು ರಕ್ತದಿಂದ ಕೆಂಪಾಗುವಂತಹ ಕದನ ನಡೆಯಿತು. ಆ ನಾಡಿಗೆ ತಮ್ಮನಾದ ಕುಬ್ಜ ವಿಷ್ಣುವರ್ಧನನನ್ನು ಅಧಿಪತಿಯನ್ನಾಗಿ ನಿಲ್ಲಿಸಿದನು. ವೆಂಗಿಯ ಚಾಲುಕ್ಯರೆಂದು ಪ್ರಸಿದ್ಧರಾಗಿ ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ತೆಲುಗು ನಾಡನ್ನು ಆಳಿದವರು ಇವನ ಸಂತತಿಯೇ. ದಕ್ಷಿಣದಲ್ಲಿ ಪಲ್ಲವ ಮಹೇಂದ್ರವರ್ಮನು ಕಾಂಚಿಯ ಕೋಟೆಯ ಗೋಡೆಗಳ ಹಿಂದೆ ಸೇರಿಕೊಳ್ಳುವಂತಾಯಿತು. ಆದರೂ ಕಾಂಚಿ ಬೀಳಲಿಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕುಡಿದು ಕಾದುವ ಕಲಿಗಳು

ಇಷ್ಟೆಲ್ಲ ಗೆಲುವನ್ನು ತಂದ ಯೋಧರು ಎಂತಹವರು? ಇದನ್ನು ತಿಳಿಯಲು ನಮಗೆ ಒಬ್ಬ ಪರದೇಶಿಯ ಸಾಕ್ಷ್ಯವಿದೆ. ಚೀನಾ ದೇಶದ ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗನು 641ರ ಸುಮಾರಿಗೆ ಪುಲಕೇಶಿಯ ರಾಜ್ಯವನ್ನು ಸಂದರ್ಶಿಸಿದನು. ಹರ್ಷನ ಸ್ನೇಹಿತನಾದ ಅವನಿಗೆ ಪುಲಕೇಶಿಯನ್ನು ಹೊಗಳುವ ಅಗತ್ಯವಿರಲಿಲ್ಲ. ಆದ್ದರಿಂದ ಅವನ ಮಾತಿಗೆ ಬೆಲೆ ಹೆಚ್ಚು.

ಈ ನಾಡಿನ ಜನ ಎತ್ತರದ ಮೈಕಟ್ಟಿನವರು, ಸರಳರು, ಸ್ವಾಭಿಮಾನಿಗಳು ಎಂದು ಅವನು ಕಂಡನು. ಉಪಕಾರ ಮಾಡಿದವರನ್ನು ಅವರು ಮರೆಯರು. ಅಪಕಾರ ಮಾಡಿದವರನ್ನೂ ಮರೆಯರು. ಕಷ್ಟದಲ್ಲಿದ್ದವನು ನೆರವು ಬೇಡಿದರೆ ತಮ್ಮನ್ನು ತಾವೇ ಮರೆತು ಧಾವಿಸುವರು. ಸೇಡು ತೀರಿಸಿಕೊಳ್ಳಲು ಹೊರಟರೂ ಶತ್ರುವಿಗೆ ಮೊದಲೇ ಹೇಳಿಕಳುಹಿಸುವರು. ಇಬ್ಬರೂ ಆಯುಧ ಹಿಡಿದ ಮೇಲೆಯೇ ಹೋರಾಟ. ಓಡುವವರನ್ನು ಬೆನ್ನಟ್ಟುವರು, ಶರಣಾದವರನ್ನು ಕೊಲ್ಲರು. ಕಣದಲ್ಲಿ ಸೋತು ಬಂದ ಸೇನಾಪತಿಗೆ ಶಿಕ್ಷೆ ವಿಧಿಸುವುದಿಲ್ಲ. ಹೆಂಗಸರ ಉಡುಪನ್ನು ಕೊಡುತ್ತಾರೆ. ಆ ಅವಮಾನವನ್ನು ತಾಳಲಾರದೆ ಅವನು ತಾನೇ ಪ್ರಾಣ ಬಿಡುತ್ತಾನೆ.

ಇನ್ನು ರಾಜನ ಆಯ್ದ ಕಲಿಗಳು. ಅವರ ಸಂಖ್ಯೆ ಕೆಲವು ನೂರು. ಯುದ್ಧಕ್ಕೆ ಹೊರಡುವ ಮುನ್ನ ಅವರು ಮದ್ಯವನ್ನು ಕುಡಿದು ಮತ್ತರಾಗುವರು. ಆಮೇಲೆ ಒಬ್ಬೊಬ್ಬನೂ ಈಟಿ ಹಿಡಿದು ಹತ್ತು ಸಾವಿರ ಮಂದಿಗೆ ಎದುರು ನಿಲ್ಲುವನು. ಅವರು ಹೊರಟಾಗ ಮುಂದೆ ಭೇರಿ ಬಾರಿಸುತ್ತದೆ. ದಾರಿಯಲ್ಲಿ ಯಾರನ್ನಾದರೂ ಕೊಂದರೂ ಅವರಿಗೆ ದಂಡನೆಯಿಲ್ಲ. ನೂರಾರು ಆನೆಗಳಿಗೂ ಹೀಗೆಯೇ ಕುಡಿಸಿ ಶತ್ರುವಿನ ಮೇಲೆ ನುಗ್ಗಿಸುತ್ತಾರೆ. ಇಂತಹ ಕಲಿಗಳೂ ಆನೆಗಳೂ ಇರುವುದರಿಂದಲೇ ಈ ಅರಸನು ನೆರೆಯ ರಾಜರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹರ್ಷನು ತಾನೇ ಸೇನೆಯ ಮುಂದಾಳಾಗಿ ಬಂದರೂ ಈ ಜನರನ್ನು ಗೆಲ್ಲಲಾಗಲಿಲ್ಲ ಎಂದು ಯಾತ್ರಿಕನು ತಿಳಿಸುತ್ತಾನೆ.

ಇದನ್ನು ಓದುವಾಗ ಯುರೋಪಿನ ಪ್ರಾಚೀನ ಕೆಲ್ಟ್ ಜನಾಂಗದ ನೆನಪು ಬರುತ್ತದೆ. ರೋಮನರು ಗಾಲ್ ಎಂದು ಕರೆದ ಇಂದಿನ ಫ್ರಾನ್ಸಿನಲ್ಲಿಯೂ ಬ್ರಿಟನ್ನಿನಲ್ಲಿಯೂ ಐರ್ಲೆಂಡಿನಲ್ಲಿಯೂ ವಾಸವಾಗಿದ್ದ ಈ ಜನರೂ ಮದ್ಯಪ್ರಿಯರು, ಮಾನಧನರು. ಎರಡು ಸೇನೆಗಳ ನಡುವೆ ಮುಂದೆ ಬಂದು ಎದುರಾಳಿಯನ್ನು ಏಕಾಂಗಿಯಾಗಿ ಕಾಳಗಕ್ಕೆ ಕರೆಯುವುದು ಅವರ ವಾಡಿಕೆ. ನಾಯಕನೊಡನೆ ಬದುಕಿ ನಾಯಕನೊಡನೆ ಸಾಯಲು ಪ್ರತಿಜ್ಞೆ ಮಾಡಿದ 600 ಮಂದಿಯ ಪಡೆಯೊಂದನ್ನು ಗಾಲ್ ದೇಶದಲ್ಲಿ ಕಂಡುದಾಗಿ ಜೂಲಿಯಸ್ ಸೀಸರನು ಬರೆದಿದ್ದಾನೆ. ನಮ್ಮಲ್ಲಿಯೂ ಇದೇ ಬಗೆಯ ವೇಳೆವಾಳಿಗಳೂ ಗರುಡರೂ ಇದ್ದರು. ಹೊಯ್ಸಳ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನು ಒಡೆಯನಿಗಾಗಿ ಪ್ರಾಣವನ್ನೊಪ್ಪಿಸಿದ ಕಥೆಯನ್ನು ಹಳೇಬೀಡಿನ ಕಂಬ ಇಂದಿಗೂ ಹೇಳುತ್ತಿದೆ. ಊರೂರಿಗೆ ನಿಂತಿರುವ ವೀರಗಲ್ಲುಗಳು ಹೇಳುವುದೂ ಇದೇ ಮಾತನ್ನು: ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಯಾತ್ರೆ, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಇಂತಹ ಕಲ್ಲುಗಳನ್ನು ನೋಡಲು ನಾವು ಊರಿಗೇ ಹೋಗಬೇಕಾಗಿಲ್ಲ. ಬೊರಿವಲಿಯ ಎಕ್ಸಾರದಲ್ಲಿ ಆರು ವೀರಗಲ್ಲುಗಳಿವೆ. ಅವುಗಳಲ್ಲಿ ಹುಟ್ಟುಹಾಕುವ ಹಡಗುಗಳ ಯುದ್ಧವನ್ನೇ ಕೆತ್ತಿದ್ದಾರೆ. ಅವು ಠಾಣೆಯಿಂದ ಆಳಿದ ಶಿಲಾಹಾರರ ಕಾಲದವು. ಈ ಶಿಲಾಹಾರರ ಬಿರುದುಗಳಲ್ಲಿ ಕನ್ನಡ ಪದಗಳಿದ್ದುವೆಂಬುದನ್ನು ಕೇಳಿದರೆ ನಮ್ಮ ಮಕ್ಕಳಿಗೆ ಸಂತೋಷವಾಗದಿರದು.

ಆದರೆ ಒಂದು ವ್ಯತ್ಯಾಸವುಂಟು. ಕೆಲ್ಟರು ತಮ್ಮ ಯುದ್ಧಗಳ ಚರಿತ್ರೆಯನ್ನು ತಾವು ಬರೆದಿಡಲಿಲ್ಲ. ಅವರ ಶೌರ್ಯವನ್ನು ಅವರನ್ನು ಗೆದ್ದವರ ಲೇಖನಿಯಿಂದ ನಾವು ತಿಳಿಯಬೇಕಾಗಿದೆ. ಪುಲಕೇಶಿಯ ಬಳಿ ಕಲಿಗಳಷ್ಟೇ ಅಲ್ಲ, ಕವಿಯೂ ಇದ್ದನು.

ಕಲ್ಲಿನ ಮೇಲಿನ ಕಾವ್ಯ

634–35ರಲ್ಲಿ ರವಿಕೀರ್ತಿ ಎಂಬ ಜೈನ ಕವಿ ಐಹೊಳೆಯ ಬೆಟ್ಟದ ಮೇಲೆ ಒಂದು ಜಿನಾಲಯವನ್ನು ಕಟ್ಟಿಸಿದನು. ಇಂದು ಅದಕ್ಕೆ ಮೇಗುತಿ ಎಂದು ಹೆಸರು. ಅದರ ಗೋಡೆಯಲ್ಲಿ ತನ್ನ ಒಡೆಯನ ದಿಗ್ವಿಜಯವನ್ನು ಸಂಸ್ಕೃತ ಕಾವ್ಯವಾಗಿ ಕೆತ್ತಿಸಿ, ತಾನು ಕಾಳಿದಾಸ ಭಾರವಿಗಳಿಗೆ ಸಮನಾದ ಕೀರ್ತಿಯುಳ್ಳವನೆಂದು ಕೊನೆಯಲ್ಲಿ ಹೇಳಿಕೊಂಡನು. ಹೆಮ್ಮೆ ಸ್ವಲ್ಪ ಹೆಚ್ಚಾಯಿತೆಂದು ಯಾರಾದರೂ ಅಂದಾರು. ಆದರೆ ಆ ಹೆಮ್ಮೆಯಿಂದಲೇ ಭಾರತೀಯ ಸಾಹಿತ್ಯಕ್ಕೆ ಉಪಕಾರವಾಯಿತು: ಶಕವರ್ಷ 556 ಎಂದು ಕಾಲ ನಮೂದಿಸಿದ ಆ ಶಾಸನದಿಂದ, ಕಾಳಿದಾಸನೂ ಭಾರವಿಯೂ ಅದಕ್ಕಿಂತ ಹಿಂದಿನವರೆಂಬುದು ಖಚಿತವಾಯಿತು. ವೈದಿಕ ಧರ್ಮದ ಅರಸನ ಕೃಪೆಯಿಂದ ಜೈನ ದೇಗುಲ ಎದ್ದುದು, ಅದೇ ರಾಜ್ಯದಲ್ಲಿ ಬೌದ್ಧ ಯಾತ್ರಿಕನು ವಿಹಾರಗಳನ್ನು ಕಂಡುದು ಆ ಕಾಲದ ಉದಾರತೆಗೆ ಸಾಕ್ಷಿ.

ಪುಲಕೇಶಿಯ ಕೀರ್ತಿ ಕಡಲಾಚೆಗೂ ಹೋಗಿತ್ತು. 625–26ರ ಹೊತ್ತಿಗೆ ಭಾರತದ ಅರಸನೊಬ್ಬನು ಪಾರಸಿಕ ಚಕ್ರವರ್ತಿ ಎರಡನೆಯ ಖುಸ್ರುವಿನ ಆಸ್ಥಾನಕ್ಕೆ ಕಾಣಿಕೆಗಳನ್ನೂ ಪತ್ರಗಳನ್ನೂ ಕಳುಹಿಸಿದನೆಂದು ಇತಿಹಾಸಕಾರ ತಬರಿ ತಿಳಿಸುತ್ತಾನೆ. ಅಲ್ಲಿ ಬರುವ ಅರಸನ ಹೆಸರನ್ನು ಪುಲಕೇಶಿಯ ಪರಮೇಶ್ವರ ಬಿರುದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಜಂತೆಯ ಮೊದಲನೆಯ ಗುಹೆಯ ಒಂದು ಚಿತ್ರ ಪಾರಸಿಕ ರಾಯಭಾರಿಯನ್ನು ಪುಲಕೇಶಿ ಬರಮಾಡಿಕೊಳ್ಳುತ್ತಿರುವ ದೃಶ್ಯವೆಂದು ಬಹುಕಾಲ ಹೇಳುತ್ತಿದ್ದರು. ಆ ಗುಹೆ ಪುಲಕೇಶಿಗಿಂತ ಒಂದು ಶತಮಾನಕ್ಕೂ ಹಿಂದಿನದೆಂಬುದು ಈಗ ಹೆಚ್ಚಿನವರ ಅಭಿಪ್ರಾಯವಾದುದರಿಂದ ಆ ಮಾತನ್ನು ಬಿಡುವುದೇ ಲೇಸು. ನಿಜವಾದ ಕೀರ್ತಿಗೆ ಸಂದೇಹದ ಆಭರಣ ಬೇಡ.

ವಾತಾಪಿಯ ಪತನ

ಕೀರ್ತಿಯ ಶಿಖರದಲ್ಲಿರುವಾಗಲೇ ಪತನದ ದಾರಿ ಆರಂಭವಾಗುವುದುಂಟು. ಕಾಂಚಿಯನ್ನು ಅರ್ಧಕ್ಕೆ ಬಿಟ್ಟುಬಂದಿದ್ದ ಪುಲಕೇಶಿ ತನ್ನ ಆಳ್ವಿಕೆಯ ಕೊನೆಯಲ್ಲಿ ಮತ್ತೆ ಪಲ್ಲವರ ಮೇಲೆ ದಂಡೆತ್ತಿಹೋದನು. ಆಗ ಅಲ್ಲಿ ಮಹೇಂದ್ರವರ್ಮನಿರಲಿಲ್ಲ. ಅವನ ಮಗ ನರಸಿಂಹವರ್ಮನಿದ್ದನು. ತಂದೆಯ ಅವಮಾನವನ್ನು ಮನಸ್ಸಿನಲ್ಲಿ ಕಾಪಾಡಿಕೊಂಡು ಬೆಳೆದವನು. ಪರಿಯಳ, ಶೂರಮಾರ, ಕಾಂಚಿಯ ಸಮೀಪದ ಮಣಿಮಂಗಲ ಎಂಬೆಡೆಗಳಲ್ಲಿ ಚಾಲುಕ್ಯ ಸೈನ್ಯ ಹಿಮ್ಮೆಟ್ಟಿತು. ಓಡುವ ಪುಲಕೇಶಿಯ ಬೆನ್ನಿನ ಮೇಲೆ ನರಸಿಂಹನು ವಿಜಯ ಎಂಬ ಅಕ್ಷರಗಳನ್ನು ಬರೆದನೆಂದು ಪಲ್ಲವರ ಶಾಸನ ಹಂಗಿಸುತ್ತದೆ. ಬೆನ್ನು ತೋರಿಸುವುದೇ ಮರಣವೆಂದು ಬಗೆದ ಜನಕ್ಕೆ ಇದಕ್ಕಿಂತ ಕ್ರೂರವಾದ ಮಾತು ಇನ್ನಿಲ್ಲ.

642ರಲ್ಲಿ ಪಲ್ಲವ ಸೈನ್ಯ ವಾತಾಪಿಯನ್ನೇ ಮುತ್ತಿ ಹಿಡಿಯಿತು. ಆ ದಂಡಿನ ಸೇನಾನಿ ಪರಂಜೋತಿ. ಇವನೇ ಮುಂದೆ ಶಿವಭಕ್ತನಾಗಿ ಸಿರುತ್ತೊಂಡನೆಂದು ಹೆಸರಾದವನು. ನಮ್ಮ ಅಜ್ಜಿಯರು ಕಣ್ಣೀರು ಹಾಕಿಕೊಂಡು ಹೇಳುತ್ತಿದ್ದ ಸಿರಿಯಾಳನ ಕಥೆಯ ಸಿರಿಯಾಳ ಈತನೇ. ನರಸಿಂಹನು ವಾತಾಪಿಕೊಂಡ ಎಂಬ ಬಿರುದನ್ನು ಧರಿಸಿ, ಬಾದಾಮಿಯ ಬಂಡೆಯ ಮೇಲೆ ತನ್ನ ಶಾಸನವನ್ನು ಕೆತ್ತಿಸಿದನು. ಸವೆದುಹೋದ ಆ ಅಕ್ಷರಗಳು ಇಂದಿಗೂ ಅಲ್ಲಿವೆ. ಪುಲಕೇಶಿ ಈ ಯುದ್ಧದಲ್ಲೇ ಮಡಿದನೆಂದು ಇತಿಹಾಸಕಾರರು ಬಗೆಯುತ್ತಾರೆ. ಅಲ್ಲಿಂದ ಮುಂದೆ ಅವನ ಸುದ್ದಿಯೇ ಇಲ್ಲ. ಮೂವತ್ತೆರಡು ವರ್ಷ ಯಾರಿಗೂ ತಲೆಬಾಗದ ಅರಸನ ಅಂತ್ಯ ಹೀಗಾಯಿತು.

ಕುಡಿದು ನುಗ್ಗುವ ಕಲಿಗಳು ಎಲ್ಲಿ ಹೋದರು? ಮತ್ತಗಜಗಳು ಎಲ್ಲಿ ಹೋದುವು? ಅವರು ಹೇಡಿಗಳಾದರೆಂದು ಹೇಳಲು ಯಾವ ಆಧಾರವೂ ಇಲ್ಲ. ಪುಲಕೇಶಿ ಗೆದ್ದಾಗಲೆಲ್ಲ ಶೌರ್ಯದ ಜೊತೆಗೆ ವಿವೇಕವಿತ್ತು: ಗೋವಿಂದನನ್ನು ಮಿತ್ರನನ್ನಾಗಿ ಮಾಡಿಕೊಂಡ ವಿವೇಕ, ಹಡಗನ್ನು ಕೂಡಿಸಿದ ವಿವೇಕ, ಗಂಗ ಆಳುಪರನ್ನು ಒಲಿಸಿಕೊಂಡ ವಿವೇಕ. ಆದರೆ ನೆರೆಯವರನ್ನು ಲೆಕ್ಕಿಸದ ತಿರಸ್ಕಾರವನ್ನು ಕೊನೆಯ ವರ್ಷಗಳಲ್ಲಿ ಯಾತ್ರಿಕನೇ ಕಂಡನಲ್ಲವೆ? ಮಧುಪಾನದ ಮತ್ತು ಯುದ್ಧದ ದಿನ ಇಳಿಯುತ್ತದೆ. ಗೆಲುವಿನ ಮತ್ತು ಹಾಗೆ ಇಳಿಯುವುದಿಲ್ಲ.

ಹದಿಮೂರು ವರ್ಷ

ಸೋತ ಸೇನಾಪತಿಗೆ ಹೆಂಗಸರ ಸೀರೆಯನ್ನು ಕೊಡುವ ಆ ನೀತಿ ಸೋತವನಿಗೆ ಬದುಕುವ ದಾರಿಯನ್ನೇ ಬಿಡುವುದಿಲ್ಲ. ಆ ನೀತಿಯಂತೆ ನೋಡಿದರೆ 642ರಲ್ಲಿ ಚಾಲುಕ್ಯ ವಂಶವೇ ಮುಗಿಯಬೇಕಾಗಿತ್ತು. ರಾಜಧಾನಿ ಶತ್ರುವಶ, ಸಾಮಂತರು ಸ್ವತಂತ್ರರು. ಆದರೆ ಆ ಮನೆತನ ಸಾಯಲಿಲ್ಲ; ತಾಳಿಕೊಂಡಿತು. ಪುಲಕೇಶಿಯ ಮಗ ವಿಕ್ರಮಾದಿತ್ಯನು ಚಿತ್ರಕಂಠವೆಂಬ ತನ್ನ ಕುದುರೆಯನ್ನೇರಿ, ಖಡ್ಗವನ್ನೇ ನೆಚ್ಚಿ, ಕಳೆದುಹೋದ ರಾಜ್ಯಲಕ್ಷ್ಮಿಯನ್ನು ಮರಳಿ ಪಡೆದನೆಂದು ತಾಮ್ರಪಟಗಳು ಹೇಳುತ್ತವೆ. ಹದಿಮೂರು ವರ್ಷಗಳ ಬಳಿಕ, 655ರಲ್ಲಿ, ವಾತಾಪಿಯಲ್ಲಿ ಮತ್ತೆ ಚಾಲುಕ್ಯರ ವರಾಹಧ್ವಜ ಏರಿತು.

ಈ ಪುನರುತ್ಥಾನದ ಕಾಲದಲ್ಲಿ ನಮ್ಮ ಕೊಂಕಣಕ್ಕೆ ಒಂದು ವಿಶೇಷ ಗೌರವ ಸಲ್ಲಬೇಕು. ಪುಲಕೇಶಿಯ ಇನ್ನೊಬ್ಬ ಮಗ ಚಂದ್ರಾದಿತ್ಯ. ಅವನ ರಾಣಿ ವಿಜಯಭಟ್ಟಾರಿಕೆ. ಇಂದಿನ ಸಿಂಧುದುರ್ಗ ಜಿಲ್ಲೆಯ ನೇರೂರು, ಕೋಚರೆ ಎಂಬ ಊರುಗಳಲ್ಲಿ ದೊರೆತ ದಾನಶಾಸನಗಳು ಈಕೆಯ ಹೆಸರಿನವು. ನೇರೂರಿನ ಶಾಸನ ಈಕೆಯದೇ ಆಳ್ವಿಕೆಯ ಐದನೆಯ ವರ್ಷದ್ದು. ಸೋತ ಗಂಡಸಿಗೆ ಹೆಣ್ಣುಡುಗೆಯೇ ಅವಮಾನವೆಂದು ತಿಳಿದ ಜನರ ನಡುವೆ, ಸೋತು ಚೇತರಿಸಿಕೊಳ್ಳುತ್ತಿದ್ದ ವಂಶದ ಆಡಳಿತವನ್ನು ಕಡಲ ಕರೆಯಲ್ಲಿ ಎತ್ತಿಹಿಡಿದವಳು ಒಬ್ಬ ಹೆಣ್ಣು! ಸಂಸ್ಕೃತ ಕವಯಿತ್ರಿ ವಿಜ್ಜಿಕೆ ಈಕೆಯೇ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ.

ಸೇಡಿನ ಕಥೆಯೂ ಒಂದು ದಿನ ಮುಗಿಯಿತು. ಪುಲಕೇಶಿಯ ಮರಿಮಗನ ಮಗನಾದ ಇಮ್ಮಡಿ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಪೂರ್ವಾರ್ಧದಲ್ಲಿ ಕಾಂಚಿಯನ್ನು ಗೆದ್ದು ಒಳಹೊಕ್ಕನು. ವಾತಾಪಿಗೆ ಆದುದನ್ನು ಕಾಂಚಿಗೆ ಮಾಡುವ ಅಧಿಕಾರ ಈಗ ಅವನ ಕೈಯಲ್ಲಿತ್ತು. ಅವನು ನಗರವನ್ನು ಹಾಳುಮಾಡಲಿಲ್ಲ. ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಣ್ಣಾರೆ ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟು, ಆ ಸಂಗತಿಯನ್ನು ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದನು. ಬಾದಾಮಿಯ ಬಂಡೆಯ ಮೇಲೆ ಪಲ್ಲವರು ಬರೆದುದಕ್ಕೆ ಚಾಲುಕ್ಯರು ಕಾಂಚಿಯಲ್ಲಿ ಬರೆದ ಉತ್ತರ ಇದು. ಇದಕ್ಕಿಂತ ದೊಡ್ಡ ಗೆಲುವು ಪುಲಕೇಶಿಯ ಆನೆಗಳಿಗೂ ದೊರಕಿರಲಿಲ್ಲ.

ಕೊನೆಯದಾಗಿ ಒಂದು ಮಾತು. ಪುಲಕೇಶಿ ಯಾರವನು ಎಂಬ ವಾದ ಆಗಾಗ ಏಳುತ್ತದೆ. ಚೀನೀ ಯಾತ್ರಿಕನು ಅವನ ನಾಡನ್ನು ಮಹಾರಾಷ್ಟ್ರವೆಂದು ಕರೆದನು. ಚಾಲುಕ್ಯರನ್ನು ಸೋಲಿಸಿದ ರಾಷ್ಟ್ರಕೂಟ ದಂತಿದುರ್ಗನ ಕಾಲದ ಸಾಮನಗಡದ ತಾಮ್ರಪಟ ಹರ್ಷನನ್ನು ಗೆದ್ದ ಆ ಸೇನೆಯನ್ನು ಕರ್ಣಾಟಕ ಬಲವೆಂದು ಕರೆಯಿತು. ಆ ಸಾಮನಗಡ ಇರುವುದು ಇಂದಿನ ಕೊಲ್ಹಾಪುರ ಜಿಲ್ಲೆಯಲ್ಲಿ! ಎರಡು ಹೆಸರೂ ನಿಜ. ನಾವು ಇಂದು ಗಡಿಯೆಂದು ಎಳೆದಿರುವ ಗೆರೆ ಅಂದು ಇರಲಿಲ್ಲ. ನೆರೆಮನೆಯ ಮರಾಠಿ ಬಂಧು ಪುಲಕೇಶಿಯನ್ನು ತಮ್ಮವನೆಂದರೆ ನಾವು ಮುನಿಸಿಕೊಳ್ಳಬೇಕಾಗಿಲ್ಲ, ಕೂಡಿ ನೆನೆಯಬಹುದು. ಅನ್ನವನ್ನರಸಿ ಊರು ಬಿಟ್ಟುಬಂದು, ಬಿದ್ದು ಎದ್ದು, ಇಲ್ಲಿ ಬೇರೂರಿದ ಕನ್ನಡ ಮನೆಗಳಿಗೆ ಅವನ ಕಲಿಗಳ ಈಟಿಗಿಂತ ಆ ಹದಿಮೂರು ವರ್ಷಗಳ ತಾಳ್ಮೆಯೇ ಹತ್ತಿರದ ಪಾಠ. ಸಾಯಬಲ್ಲವನು ಶೂರನೆಂದು ಹಿಂದಿನವರು ಕಲ್ಲಿನಲ್ಲಿ ಬರೆದರು. ಸೋತ ಮೇಲೂ ಬಾಳಿ, ಗೆದ್ದ ಮೇಲೂ ಕ್ಷಮಿ­ಸಬಲ್ಲವನು ಅವನಿಗಿಂತ ದೊಡ್ಡ ಶೂರನೆಂಬುದನ್ನು ಪುಲಕೇಶಿಯ ವಂಶ ಬಾಳಿ ತೋರಿಸಿತು. ಈ ರಾಜ್ಯೋತ್ಸವದಂದು ನಮ್ಮ ಮಕ್ಕಳಿಗೆ ಅವನ ಹೆಸರಿನೊಡನೆ ಈ ಮಾತನ್ನೂ ಹೇಳಿಕೊಡೋಣ.